ಸೂಳೆಕೆರೆ ಕೆಸರಿಗಿಂತ ಧ್ರುವದ ಕೆಸರು ವಾಸಿ, ಯಾಕೆ?

ಪ್ರಶ್ನೆ: ಸರ್, ಅಂಟಾರ್ಕ್ಟಿಕಾದ ಕೆರೆಗಳ ಕೆಸರಿಗೆ ಲೇಸರ್ ಬಿಟ್ಟು, ಅಲ್ಲಿ ಜೀವ ಇತ್ತಾ, ಯಾವ ಖನಿಜ ಇದೆ ಅಂತ ಹೇಳ್ತಾರಂತೆ. ಬರೀ ಬೆಳಕಿನಿಂದ ಹೇಗೆ ಗೊತ್ತಾಗುತ್ತೆ? ನಮ್ಮ ಸೂಳೆಕೆರೆ ಕೆಸರಿಗೂ ಹೀಗೆ ಮಾಡಬಹುದಾ?
– ಬಿಎಸ್ಸಿ ವಿದ್ಯಾರ್ಥಿನಿ, ಚನ್ನಗಿರಿ

ಉತ್ತರ: ಮಾಡಬಹುದು. ಆದರೆ ಸೂಳೆಕೆರೆ ಕೆಸರಲ್ಲೇ ಕಷ್ಟ ಜಾಸ್ತಿ.

ಇದು 1928ರಲ್ಲಿ ಸಿ.ವಿ. ರಾಮನ್ ಕಂಡುಕೊಂಡ ಪರಿಣಾಮ. ಲೇಸರ್ ಬೆಳಕು ವಸ್ತುವಿಗೆ ತಾಗಿ ಚದುರಿದಾಗ ಹೆಚ್ಚುಕಡಿಮೆ ಎಲ್ಲವೂ ಅದೇ ಬಣ್ಣದಲ್ಲಿ ಹೊರಬರುತ್ತದೆ. ಎಲ್ಲೋ ಕೋಟಿಗೊಂದು ಬೆಳಕಿನ ಕಣ ಮಾತ್ರ ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಕೊಟ್ಟು, ಬಣ್ಣ ತುಸು ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಅನ್ನೋದೇ ಆ ಅಣುವಿನ ಗುರುತು. ಸೆಂಟಿಮೀಟರಿಗೆ ಇಷ್ಟು ಅಲೆ ಅಂತ ಅದನ್ನು ಅಳೆಯುತ್ತೇವೆ; ಯಂತ್ರದ ನಕ್ಷೆಯಲ್ಲಿ ಅದು ಗೆರೆಯಾಗಿ ಕಾಣುತ್ತದೆ. ಕ್ವಾರ್ಟ್ಜ್‌ಗೆ 464ರ ಹತ್ತಿರ ಗೆರೆ, ಜಿಪ್ಸಂಗೆ 1008, ಕ್ಯಾಲ್ಸೈಟ್‌ಗೆ 1086.

ಜೀವದ ಕುರುಹು ಬೇಕಾದರೆ ಕ್ಯಾರೋಟಿನಾಯ್ಡ್ ಎಂಬ ಬಣ್ಣದ ವಸ್ತು ಹುಡುಕಬೇಕು. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಇದೇ ಬಳಗ. ಅಂಟಾರ್ಕ್ಟಿಕಾದಲ್ಲಿ ಭಾರತದ ಮೈತ್ರಿ ಸಂಶೋಧನಾ ಕೇಂದ್ರ ಇರುವ, ಹಿಮ ಮುಚ್ಚದ ಶಿರ್ಮಾಕರ್ ಓಯಸಿಸ್‌ನಂಥ ಕಡೆ ಕೆರೆಗಳ ತಳದಲ್ಲಿ, ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಚಾಪೆಯ ಹಾಗೆ ಹಾಸಿಕೊಂಡಿರುತ್ತವೆ. ಅವುಗಳಲ್ಲಿ ಈ ಬಣ್ಣ ಇರುತ್ತದೆ. ಅದು ನೀಲಿ, ನೀಲಿ-ಹಸಿರು ಬೆಳಕನ್ನು ಚೆನ್ನಾಗಿ, ಪಕ್ಕದ ಹಸಿರನ್ನು ಸ್ವಲ್ಪ ಹೀರುತ್ತದೆ. ಹಾಗಾಗಿ 532 ನ್ಯಾನೋಮೀಟರ್ ಹಸಿರು ಲೇಸರ್ ಬಿಟ್ಟರೆ ಗೆರೆಗಳು ಎಷ್ಟೋ ಪಟ್ಟು ಜೋರಾಗಿ ಕಾಣುತ್ತವೆ: 1520, 1155, 1005ರ ಆಸುಪಾಸು.

ಮೊದಲ ಎರಡು ಅಂಕಿ ಬಿಟ್ಟು ಮೂರನೆಯದನ್ನು ಇನ್ನೊಮ್ಮೆ ನೋಡಿ. ಜಿಪ್ಸಂ ಗೆರೆ 1008, ಇದು 1005. ಪಕ್ಕದ ಮನೆ! ಅದೊಂದನ್ನೇ ಕಂಡು 'ಜೀವ ಸಿಕ್ತು' ಅಂತ ಹಿಗ್ಗಿ ನಾನೂ ಒಮ್ಮೆ ಪೆಚ್ಚಾಗಿದ್ದೇನೆ. 1520, 1155 ಜೊತೆಗಿದ್ದರೆ ಮಾತ್ರ ನಂಬಿ. ಕ್ಯಾಲ್ಸೈಟ್ ಜೀವ ಇಲ್ಲದೆಯೂ ಕೂಡಿಕೊಳ್ಳುತ್ತದೆ, ಹಾಗಾಗಿ ಅದೊಂದೇ ಸಾಕ್ಷಿಯಾಗಲ್ಲ. ಇಂಗಾಲದ್ದೂ ಅದೇ ಕಥೆ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸೂಕ್ಷ್ಮಜೀವಿಗಳ ಪದರದಿಂದಾದ ಸ್ಟ್ರೊಮೆಟೊಲೈಟ್ ಕಲ್ಲುಗಳಿವೆ. ಅಷ್ಟು ಹಳೆಯ, ಬೆಂದ ಕಲ್ಲಿನಲ್ಲಿ ಬಣ್ಣ ಉಳಿಯುವುದಿಲ್ಲ. ಇಂಗಾಲದ 1350, 1600ರ ಉಬ್ಬು ಕಂಡರೂ ಅದು ಜೀವಿಯದ್ದೋ ಅಲ್ಲವೋ ಅಂತ ಗೆರೆ ಹೇಳಲ್ಲ. ಕಲ್ಲಿನ ಪದರಗಳನ್ನು ಕಣ್ಣಿಟ್ಟು ನೋಡಲೇಬೇಕು.

ಇನ್ನು ಸೂಳೆಕೆರೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಅರಿಶಿನದ ಮೇಲೆ ಹಿಡಿದು ನೋಡಿದ್ದೀರಾ? ಪಳಪಳ ಹೊಳೆಯುತ್ತದೆ. ಕೊಳೆತ ಎಲೆ, ಬೇರು ಸೇರಿದ ಕೆಸರೂ ಲೇಸರ್ ಬಿದ್ದರೆ ಹಾಗೇ ಹೊಳೆದು, ಬಡಪಾಯಿ ರಾಮನ್ ಗೆರೆಗಳನ್ನು ಮುಳುಗಿಸಿಬಿಡುತ್ತದೆ. 785 ಅಥವಾ 1064 ನ್ಯಾನೋಮೀಟರ್ ಲೇಸರ್ ಬಳಸಿದರೆ ಹೊಳಪು ತಗ್ಗುತ್ತದೆ, ಗೆರೆಯೂ ಸಣ್ಣದಾಗುತ್ತದೆ. ಧ್ರುವದಲ್ಲಿ ಮರಗಿಡ ಇಲ್ಲ, ಚಳಿಗೆ ಬಣ್ಣವೂ ಕೆಡುವುದು ನಿಧಾನ.

ಕೆಸರು ತರುವುದಾದರೆ ತಕ್ಷಣ ಅಲ್ಯುಮಿನಿಯಂ ಹಾಳೆ ಸುತ್ತಿ ಐಸ್ ಡಬ್ಬಿಗೆ ಹಾಕಿ. ಬಿಸಿಲಲ್ಲಿ ಬಸ್ಸಿನ ಮೇಲಿಟ್ಟು ತಂದರೆ ಬಣ್ಣ ದಾವಣಗೆರೆ ಮುಟ್ಟುವಷ್ಟರಲ್ಲೇ ಕೆಡಲು ಶುರುವಾಗಿರುತ್ತದೆ.