ತತ್ತಿ ತಿಂದ ಬಾಯಿಲೆ ವಚನ ಅನ್ನಬಹುದೇನ್ರಿ?

ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ, ಮನೆಯಲ್ಲಿ ಶುದ್ಧ ಶಾಖಾಹಾರ, ನಡುವೆ ಸಿಕ್ಕಿಕೊಂಡ ಮಗು. ಈ ಬಗೆಯ ಪ್ರಕರಣ ಆಪ್ತಸಲಹೆಗೆಂದು ನನ್ನ ಬಳಿ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೇ ಬೇಕು ಎಂದು ಮಕ್ಕಳೂ ದನಿ ಎತ್ತಿದರು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ 6 ದಿನವಾಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಮೊದಲು ಶೇಂಗಾ ಚಿಕ್ಕಿಯೂ ಇತ್ತು, 2025ರಲ್ಲಿ ಅದನ್ನು ನಿಲ್ಲಿಸಿದರು. ಈ ಯೋಜನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದಲ್ಲಿ 5 ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದಕ್ಕಿಂತ ಹೆಚ್ಚು ಮಗು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇಂಥ ಕಡೆ ಒಂದು ಮೊಟ್ಟೆಯ 6 ಗ್ರಾಂ ಪ್ರೋಟೀನ್ ಸಣ್ಣ ಮಾತಲ್ಲ.

ಹುಡುಗನನ್ನು ಶಿವು ಎನ್ನೋಣ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. 6ನೇ ತರಗತಿ, ಲಿಂಗಾಯತ ಮನೆ. ಕೆಲವು ತಿಂಗಳಿಂದ ರಾತ್ರಿ ಸರಿಯಾಗಿ ಉಣ್ಣುತ್ತಿರಲಿಲ್ಲ. ಆಯಿಯ (ಅಜ್ಜಿಯ) ಪಕ್ಕ ಕೂತು ಲಿಂಗಪೂಜೆ ಮಾಡುತ್ತಿದ್ದವನು ಅದನ್ನೂ ಬಿಟ್ಟ. ವಿಭೂತಿ ಹಚ್ಚಲು ಬಂದರೆ ಮುಖ ತಿರುಗಿಸುತ್ತಿದ್ದ. ಹೊಟ್ಟೆಯಲ್ಲಿ ಜಂತು ಇರಬೇಕು ಅಂತ ಔಷಧ ಕೊಡಿಸಿದರು. ಗೆಳೆಯರ ಸಹವಾಸ ಅಂತ ಬೈದರು.

ಎರಡನೇ ಭೇಟಿಯಲ್ಲಿ ಅವನೊಬ್ಬನನ್ನೇ ಕೂರಿಸಿಕೊಂಡೆ. ತುಟಿಯ ಎರಡೂ ಮೂಲೆ ಒಡೆದಿತ್ತು. ಮಾತಾಡುವಾಗ ಅಂಗೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಶಾಲೆಯಲ್ಲಿ ಊಟ ಆದ ಮೇಲೆ ಏನು ಮಾಡ್ತೀ ಅಂತ ಕೇಳಿದೆ.

"ಬೋರಿಂಗ್ ಹತ್ರ ಹೋಗಿ ಸಬಕಾರ ಹಚ್ಚಿ ಬಾಯಿ ತೊಳಿತೀನ್ರಿ. ವಾಸನಿ ಹೋಗಂಗಿಲ್ರಿ."

ಏನು ವಾಸನೆ? ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಮೇಡಂ, ತತ್ತಿ ತಿಂದ ಬಾಯಿಲೆ ವಚನ ಅನ್ನಬಹುದೇನ್ರಿ?"

ಒಂದೊಂದಾಗಿ ಎಲ್ಲ ಹೊರಬಂತು. ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಹೇಳಿದ ಮೇಲೆ, ಶಾಲೆಯಲ್ಲಿ ಮಗನ ಹೆಸರನ್ನು ಮೊಟ್ಟೆ ತಿನ್ನುವವರ ಪಟ್ಟಿಗೆ ಬರೆಸಿದ್ದು ತಾಯಿ. ಗಂಡನಿಗೆ ಗೊತ್ತಿಲ್ಲ, ಅತ್ತೆಗಂತೂ ಗೊತ್ತೇ ಇಲ್ಲ. "ಮನ್ಯಾಗ ಯಾರ ಮುಂದೂ ಹೇಳಬ್ಯಾಡ" ಅಂತ ಮಗನಿಂದ ಆಣೆ ಮಾಡಿಸಿಕೊಂಡಿದ್ದರು. ಹುಡುಗ ಆಣೆ ಉಳಿಸಿಕೊಂಡ. ಆದರೆ ತನ್ನನ್ನು ಮುಟ್ಟಿದರೆ ಆಯಿಗೆ ಮೈಲಿಗೆ ಅಂತ ತಾನೇ ತೀರ್ಮಾನಿಸಿ ದೂರ ಸರಿದ.

ನಾನು ಹೇಳಿದ್ದು ಇಷ್ಟು: "ಕೊಟ್ಟಿದ್ದನ್ನು ತಿಂದಿದ್ದೀ. ನಿನ್ನದು ತಪ್ಪಿಲ್ಲ. ವಚನದ ಮಾತು ಆಯಿಯನ್ನೇ ಕೇಳೋಣ. ನೀನೊಬ್ಬನೇ ಕೇಳೋದು ಬೇಡ, ದೊಡ್ಡವರು ಜೊತೆಗಿರ್ತೀವಿ."

ಇಲ್ಲಿ ನನ್ನ ಕೆಲವು ಸಹೋದ್ಯೋಗಿಗಳಿಗೆ ತಕರಾರಿದೆ. ಫಾರಂ ಮೊಟ್ಟೆಯಲ್ಲಿ ಜೀವ ಇರಲ್ಲ, ಅದೂ ಶಾಖಾಹಾರವೇ ಅಂತ ಹೇಳಿಬಿಟ್ಟಿದ್ದರೆ ಹುಡುಗ ಹಗುರಾಗುತ್ತಿದ್ದ ಅಲ್ವಾ ಅನ್ನುತ್ತಾರೆ. ಮೊಟ್ಟೆ ಫಾರಂಗಳಲ್ಲಿ ಹುಂಜ ಇರುವುದಿಲ್ಲ, ಆ ಮೊಟ್ಟೆಗೆ ಕಾವು ಕೊಟ್ಟರೂ ಮರಿಯಾಗುವುದಿಲ್ಲ ಅನ್ನುವುದು ನಿಜ. ಬೇರೆ ದೇಶಗಳಲ್ಲಿ ಮೊಟ್ಟೆ ತಿಂದೂ ಶಾಖಾಹಾರಿ ಅನ್ನಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಮ್ಮಲ್ಲಿ ಮೊಟ್ಟೆ ಹಾಕಿದ ಬಿಸ್ಕತ್ತಿನ ಪೊಟ್ಟಣಕ್ಕೆ ಹಸಿರು ಗುರುತಿಲ್ಲ, ಕಂದು ಗುರುತೇ. ಜೊತೆಗೆ ಮೊಟ್ಟೆ ಇಡುವ ತಳಿಯ ಗಂಡು ಮರಿಗಳನ್ನು ಹುಟ್ಟಿದ ಕೂಡಲೇ ಕೊಲ್ಲುತ್ತಾರೆ ಅನ್ನುವುದೂ ನಿಜವೇ. ವಾದಕ್ಕೆ ಇಳಿದರೆ ಎರಡೂ ಕಡೆ ಮಾತಿದೆ. ಈ ಮನೆಯಲ್ಲಿ ಶಾಖಾಹಾರ ಅಂದರೆ ಒಲೆ, ಪೂಜೆ, ಹಿರಿಯರು ನಡೆಸಿಕೊಂಡು ಬಂದ ರೂಢಿ. ನನ್ನ ಜೀವಶಾಸ್ತ್ರ ಕೇಳಿಕೊಂಡು ಹುಡುಗ ಮನೆಗೆ ಹೋದರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅವನನ್ನು ಹಿಂಡುತ್ತಿದ್ದದ್ದು ಆ ಗುಟ್ಟು. ಮನೆಯ ದೊಡ್ಡವರ ಜಗಳವನ್ನು ಮಗುವಿನ ತಟ್ಟೆಯಲ್ಲಿ ಬಚ್ಚಿಡಬಾರದು. ಇದರಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ.

ತಾಯಿಗೆ ಕೊಟ್ಟ ಸಲಹೆ: ಮೊದಲು ಗಂಡನಿಗೆ ಹೇಳಿ, ಆಮೇಲೆ ಇಬ್ಬರೂ ಸೇರಿ ಅತ್ತೆಗೆ ಹೇಳಿ. ಹೇಳುವಾಗ ಮಗ ಕೇಳಿದ್ದ ಅನ್ನಬೇಡಿ, ನಾನೇ ಬರೆಸಿದೆ ಅನ್ನಿ. ಈ ಸಲಹೆ ಕೊಡುವ ಮುಂಚೆ ಮನೆಯಲ್ಲಿ ಹೊಡೆತ ಬಡಿತ ಇದೆಯಾ ಅಂತ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಇದ್ದಿದ್ದರೆ ಹೀಗೆ ಹೇಳುತ್ತಿರಲಿಲ್ಲ. ರಕ್ತದ ವಿಷಯವನ್ನೂ ಬಿಡಿಸಿ ಹೇಳಿದೆ. ಮೊಟ್ಟೆಯಲ್ಲಿ ಪ್ರೋಟೀನ್, ಬಿ12 ಇದೆ, ಕಬ್ಬಿಣಾಂಶ ಜಾಸ್ತಿ ಇಲ್ಲ. ಡಾಕ್ಟರ್ ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಿ ಮೊಟ್ಟೆಯನ್ನೇ ನಂಬಿ ಕೂರಬಾರದು. ಮೊಟ್ಟೆ ಬೇಡ ಅಂದರೆ ರೊಟ್ಟಿ, ತೊಗರಿ ಬೇಳೆ, ಶೇಂಗಾ ಹಿಂಡಿಯಿಂದ (ಚಟ್ನಿಪುಡಿಯಿಂದ) ಪ್ರೋಟೀನ್ ಸಿಗುತ್ತದೆ, ಆದರೆ ಬಿ12 ಸಿಗಲ್ಲ. ಅದಕ್ಕೆ ದಿನಾ ಹಾಲು ಮೊಸರು ಬೇಕು, ಕೊರತೆ ಕಂಡರೆ ಮಾತ್ರೆ ಬೇಕು. ಬಾಳೆಹಣ್ಣು ಮೊಟ್ಟೆಗೆ ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮುಂದಿನ ಭೇಟಿಗೆ ಆಯಿಯೂ ಬಂದರು. ಸೊಸೆಯ ಮೇಲೆ ಸಿಟ್ಟಿತ್ತು, ಮುಚ್ಚಿಡಲಿಲ್ಲ. "ನನ್ನ ಒಂದು ಮಾತು ಕೇಳಬೇಕಿತ್ತು" ಅಂದರು. ಆಮೇಲೆ ಮೊಮ್ಮಗನ ಕಡೆ ತಿರುಗಿದರು. "ತತ್ತಿ ನಮ್ಮ ಮನ್ಯಾಗ ಬರಂಗಿಲ್ಲ, ಅಷ್ಟ. ಅದಕ್ಕ ನೀ ಯಾಕ ನನ್ನ ಬಗಲಾಗ ಮಲಗೂದು ಬಿಟ್ಟಿ? ನಾನೇ ಏನರ ಅಂದೆನೇನೋ ಅಂತ ದಿನಾ ಒದ್ದಾಡೀನಿ." ವಚನ ಅನ್ನಬಹುದಾ ಅಂತ ಅವನು ಕೇಳಿಯೇಬಿಟ್ಟ. "ಅನ್ನಬಾರದು ಅಂತ ಯಾರಂದಾರ?" ಅಂದರು ಆಯಿ.

ಶಾಲೆಯಲ್ಲಿ ಏನು ತಿನ್ನಬೇಕು ಅನ್ನುವುದನ್ನು ಶಿವುಗೇ ಬಿಟ್ಟರು. ಅವನು ಚಿಕ್ಕಿ ಅಂದ. ತಾಯಿಗೆ ಬೇಸರವಾಯಿತು. ಒತ್ತಾಯ ಮಾಡಬೇಡಿ ಅಂದೆ. ಮುಂದೆ ಅವನೇ ಮೊಟ್ಟೆ ಬೇಕು ಅಂದರೆ ಮತ್ತೆ ಬರೆಸಿ, ಈ ಸಲ ಮನೆಯವರಿಗೆಲ್ಲ ಹೇಳಿ.

ಶಿಕ್ಷಕರಿಗೂ ಒಂದು ಮನವಿ. ಪಟ್ಟಿಗೆ ಹೆಸರು ಬರೆದುಕೊಳ್ಳುವಾಗ ತಾಯಿ ಹೂಂ ಅಂದರೆ ಸಾಕು ಅಂದುಕೊಳ್ಳಬೇಡಿ, ಮನೆಯಲ್ಲಿ ಮಾತಾಡಿದ್ದೀರಾ ಅಂತ ಒಮ್ಮೆ ಕೇಳಿ. ಮೊಟ್ಟೆಯವರು, ಬಾಳೆಹಣ್ಣಿನವರು ಅಂತ ಬೇರೆ ಬೇರೆ ಸಾಲು ಮಾಡಬೇಡಿ, ಒಂದೇ ಪಂಕ್ತಿಯಲ್ಲಿ ಬಡಿಸಿ. ಊಟ ಬಿಟ್ಟೋ ಬೇಗ ಮುಗಿಸಿಯೋ ಬಾಯಿ ತೊಳೆಯಲು ಓಡುವ ಮಗು ಕಂಡರೆ ಎಲ್ಲರ ಮುಂದೆ ಕೇಳದೆ, ಆಮೇಲೆ ಪಕ್ಕಕ್ಕೆ ಕರೆದು ಮಾತಾಡಿಸಿ.