ಡ್ರೊಬ್ನಿ ಲೇಖನದ ಕುರಿತು ನಿಮಗೆ

ನಮಸ್ಕಾರ. ಯಾರೋಸ್ಲಾವ್ ಡ್ರೊಬ್ನಿ ಬಗ್ಗೆ ನೀವು ಕಳಿಸಿದ ‘ಸ್ಲೋವಾಕಿಯಾದ ಟೆನಿಸ್ ತಾರೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಅಚ್ಚಿಗೆ ಕೊಡಲಾರೆ, ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಮೊದಲು ಶೀರ್ಷಿಕೆ ಬದಲಾಗಬೇಕು. ಡ್ರೊಬ್ನಿ ಹುಟ್ಟಿದ್ದು 1921ರಲ್ಲಿ, ಪ್ರಾಗ್‌ನಲ್ಲಿ. ಅವರು ಚೆಕ್. ಚೆಕ್ಕರೂ ಸ್ಲೋವಾಕರೂ ಒಟ್ಟಿಗಿದ್ದ ಚೆಕೊಸ್ಲೊವಾಕಿಯಾ ಪರ ಆಡಿದವರೆಲ್ಲ ಸ್ಲೋವಾಕರಲ್ಲ. ಸ್ಲೋವಾಕಿಯಾದವರೇ ಬೇಕೆಂದರೆ ಝಿಲಿನಾದಲ್ಲಿ ಹುಟ್ಟಿದ ಲಾಡಿಸ್ಲಾವ್ ಹೆಕ್ಟ್ ಇದ್ದಾರೆ, ಅವರದು ಬೇರೆಯೇ ಕಥೆ.

ಇನ್ನು ಬರಹ. ನಾಲ್ಕು ಪುಟಗಳಲ್ಲಿ ಮೂರು ಬರೀ ಸ್ಕೋರು. 1949ರ ವಿಂಬಲ್ಡನ್ ಫೈನಲ್‌ನಲ್ಲಿ ಶ್ರೋಡರ್ ಎದುರು ಸೋಲು, 1951 ಮತ್ತು 1952ರಲ್ಲಿ ಫ್ರೆಂಚ್ ಕಿರೀಟ, 1952ರ ವಿಂಬಲ್ಡನ್ ಫೈನಲ್‌ನಲ್ಲಿ ಸೆಡ್ಜ್‌ಮನ್ ಎದುರು ಮತ್ತೆ ಸೋಲು. ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ಆದರೆ 1949ರ ಜುಲೈ ತಿಂಗಳಿಗೆ ನೀವು ಕೊಟ್ಟಿದ್ದು ಒಂದೇ ಸಾಲು: ‘ನಂತರ ಅವರು ದೇಶ ತೊರೆದರು.’ ಅಯ್ಯೋ, ಅವರ ಬದುಕು ಹೊರಳಿದ್ದೇ ಅಲ್ಲಿ! ಸ್ವಿಟ್ಜರ್ಲೆಂಡಿನ ಗ್ಸ್ಟಾಡ್‌ನಲ್ಲಿ ಟೂರ್ನಿ ನಡೆಯುತ್ತಿತ್ತು. ಜರ್ಮನಿ, ಸ್ಪೇನ್ ಆಟಗಾರರೂ ಅಲ್ಲಿದ್ದಾರೆಂಬ ಕಾರಣಕ್ಕೆ, ಆಟ ಬಿಟ್ಟು ಬನ್ನಿ ಎಂದು ಪ್ರಾಗ್‌ನ ಕಮ್ಯುನಿಸ್ಟ್ ಸರ್ಕಾರದಿಂದ ಅಪ್ಪಣೆ ಬಂತು. ಡ್ರೊಬ್ನಿ ಮತ್ತು ಜೊತೆಗಾರ ಚೆರ್ನಿಕ್ ಒಪ್ಪಲಿಲ್ಲ, ಊರಿಗೆ ಮರಳಲೂ ಇಲ್ಲ. ಹಿಂದಿನ ವರ್ಷವಷ್ಟೇ ಐಸ್ ಹಾಕಿಯಲ್ಲಿ ತಂಡದೊಂದಿಗೆ ಒಲಿಂಪಿಕ್ ಬೆಳ್ಳಿ ಗೆದ್ದಿದ್ದ ಡ್ರೊಬ್ನಿ ದೇಶವಿಲ್ಲದವರಾದರು. ಕೊನೆಗೆ ಪೌರತ್ವ ಕೊಟ್ಟದ್ದು ಈಜಿಪ್ಟ್. ಇದಕ್ಕೆ ಒಂದಿಡೀ ಪುಟ ಬೇಕು.

‘ಬಣ್ಣದ ಕನ್ನಡಕದ ಮೋಹಕ ಆಟಗಾರ’ ಎಂದಿದ್ದೀರಿ. ಆ ಕನ್ನಡಕ ಷೋಕಿಗೆ ಹಾಕಿದ್ದಲ್ಲ, ಐಸ್ ಹಾಕಿಯಲ್ಲಿ ಕಣ್ಣಿಗೆ ಬಿದ್ದ ಪೆಟ್ಟಿನಿಂದ ಬಂದದ್ದು. ‘ಮೋಹಕ’ ಹೊಡೆದುಹಾಕಿ, ಆ ಪೆಟ್ಟಿನ ಬಗ್ಗೆ ಬರೆಯಿರಿ.

1954ರ ವಿಂಬಲ್ಡನ್ ಫೈನಲ್ಲಿಗೆ ‘ರೋಚಕ ಹಣಾಹಣಿ’ ಎಂದರೆ ನನ್ನ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಹಿಂದಿನ ವರ್ಷ ಬಡ್ಜ್ ಪ್ಯಾಟಿ ಎದುರು ಕತ್ತಲಾಗುವವರೆಗೆ 93 ಗೇಮ್ ಆಡಿ ಗೆದ್ದು, ಕಾಲು ನೋವಿನಲ್ಲೇ ಸೆಮಿಫೈನಲ್‌ವರೆಗೆ ಹೋಗಿ ಸೋತಿದ್ದರು. ಈ ಸಲ ಅವರಿಗೆ ಸಿಕ್ಕಿದ್ದು 11ನೇ ಶ್ರೇಯಾಂಕ. ವಯಸ್ಸು 32, ಎದುರಿಗೆ 19ರ ಹುಡುಗ ಕೆನ್ ರೋಸ್‌ವಾಲ್. 6-6 ಆದಾಗ ಸೆಟ್ ಮುಗಿಸುವ ಟೈಬ್ರೇಕರ್ ಇಲ್ಲದ ಕಾಲ, ಮೊದಲ ಸೆಟ್ಟೇ 13-11. ಆಮೇಲೆ 4-6, 6-2, 9-7. ಕಪ್ ಎತ್ತಿದಾಗ ಅವರ ಹೆಸರಿನ ಮುಂದಿದ್ದದ್ದು ಈಜಿಪ್ಟ್. ಓದುಗರು ಆಗ ಗ್ಸ್ಟಾಡನ್ನು ನೆನಪಿಸಿಕೊಳ್ಳಬೇಕು, ಅದಕ್ಕಾಗಿ ಮೊದಲೇ ಅಲ್ಲಿಗೆ ಕರೆದೊಯ್ದಿರಬೇಕು.

ಗ್ಸ್ಟಾಡ್‌ನಿಂದಲೇ ಶುರುಮಾಡಿ ಇನ್ನೊಂದು ಕರಡು ಬರೆದು ಕಳಿಸಿ. ಎರಡೂವರೆ ಪುಟ ಸಾಕು. ಕಾಯುತ್ತಿರುತ್ತೇನೆ.