ಕಡಲಿಗೆ ಇಳಿಯುವ ದಾರಿಗೆ ಗೇಟು

ಪ್ರಶ್ನೆ: ನಮ್ಮದು ಕುಮಟಾ ಕಡೆಯ ಹಳ್ಳಿ. ತೆಂಗಿನ ತೋಟದ ಅಂಚಿನಿಂದ ಕಡಲಿಗೆ ಇಳಿಯುವ ಕಾಲುದಾರಿಗೆ ತೋಟ ಕೊಂಡ ಹೊಸ ಮಾಲೀಕರು ಗೇಟು ಹಾಕಿ ಬೀಗ ಜಡಿದಿದ್ದಾರೆ. ಅಜ್ಜನ ಕಾಲದಿಂದ ಓಡಾಡಿದ ದಾರಿ. ಏನು ಮಾಡಬೇಕು?

ಉತ್ತರ: ಮೊದಲು ಗ್ರಾಮ ನಕಾಶೆ ನೋಡಿ. ಕಂದಾಯ ಇಲಾಖೆಯ ಜಾಲತಾಣದಲ್ಲಿ ತಾಲೂಕು, ಹೋಬಳಿ, ಊರು ಆರಿಸಿದರೆ ಪುಕ್ಕಟೆ ಸಿಗುತ್ತದೆ. ಒಂಟಿ ಚುಕ್ಕಿಗೆರೆ ಎಂದರೆ ಕಾಲುದಾರಿ, ಜೋಡಿ ಚುಕ್ಕಿಗೆರೆ ಎಂದರೆ ಬಂಡಿದಾರಿ. ದಾರಿ ಅಲ್ಲಿದ್ದರೆ ಅರ್ಧ ಗೆದ್ದಂತೆ. ನಕಾಶೆ, ಆ ಸರ್ವೆ ನಂಬರಿನ ಪಹಣಿ, ಗೇಟಿನ ಫೋಟೊ ಜೋಡಿಸಿ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ನಕಾಶೆಯಲ್ಲಿ ಇಲ್ಲವೇ? ಆಗ ನೆರವಿಗೆ ಬರುವುದು 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗವನ್ನು ದಾರಿ ಮುಂತಾದಕ್ಕೆ ಬಳಸುವ ಹಕ್ಕು) ಕಾಯ್ದೆಯ 15ನೇ ಕಲಮು. ಖಾಸಗಿ ಜಾಗದಲ್ಲಿ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಓಡಾಡಿದ್ದನ್ನು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಆ 20 ವರ್ಷದ ಬಳಕೆ ದಾವೆಗೆ ಮುಂಚಿನ 2 ವರ್ಷದೊಳಗೆ ಮುಗಿದಿರಬೇಕು, ಅಂದರೆ ಓಡಾಟ ನಿಂತ 2 ವರ್ಷದೊಳಗೆ ದಾವೆ ಹಾಕಬೇಕು. ರಾಜಿ ಮಾತುಕತೆಯಲ್ಲೇ ಕಾಲ ಕಳೆದರೆ ಹಕ್ಕು ಕೈತಪ್ಪುತ್ತದೆ. ಗೇಟು ಬಿದ್ದ ದಿನಾಂಕವನ್ನು ಇಂದೇ ಬರೆದಿಡಿ. ಇನ್ನೊಂದು, ‘ಒಡೆಯರ ಅಪ್ಪಣೆ ಪಡೆದು ಹೋಗುತ್ತಿದ್ದೆವು’ ಎಂದು ಎಲ್ಲೂ ಬರೆದುಕೊಡಬೇಡಿ. ಅಪ್ಪಣೆಯ ಮೇಲೆ ನಡೆದದ್ದು ಹಕ್ಕಾಗುವುದಿಲ್ಲ.

ದೋಣಿ, ಬಲೆ ಹೊತ್ತು ಊರಿಗೆ ಊರೇ ಬಳಸುತ್ತಿದ್ದರೆ 18ನೇ ಕಲಮಿನ ರೂಢಿಯ ಹಕ್ಕನ್ನೂ ಕೇಳಬಹುದು. ಹಿರಿಯ ಮೀನುಗಾರರ ಸಾಕ್ಷ್ಯ ಇದಕ್ಕೆ ಬಲ.

ಬೀಗ ಮಾತ್ರ ಒಡೆಯಬೇಡಿ. ಪೊಲೀಸ್ ಕೇಸು ನಿಮ್ಮ ಮೇಲೇ ಬೀಳುತ್ತದೆ.